ಜಾಕ್ಸನ್, ಶ್ವೆಬ್ಲಿನ್, ಹಾನ್ ಕಾಂಗ್: ಯಾರಿಂದ ಶುರು ಮಾಡೋದು?

ಹೆಂಗಸರು ಬರೆದ, ಓದಿದರೆ ನಿದ್ದೆ ಕೆಡುವಂಥ ಕಥೆ ಬೇಕು ಅಂದಿರಲ್ಲ. ನನ್ನ ಮೂರು ಆಯ್ಕೆ ಇವು.

ಪುರುಸೊತ್ತಿಲ್ಲವೇ? ಅಮೆರಿಕದ ಶರ್ಲಿ ಜಾಕ್ಸನ್ ಅವರ 'ದಿ ಲಾಟರಿ' (1948) ಸಾಕು. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಓದಬಹುದು, ಇಂಗ್ಲಿಷೂ ಸರಳ. ಶುರುವಿನಲ್ಲೇ ಹುಡುಗರು ಜೇಬಿಗೆ ಕಲ್ಲು ತುಂಬಿಕೊಳ್ಳುತ್ತಾರೆ. ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ.

ಒಂದೇ ರಾತ್ರಿ ಕೂತು ಮುಗಿಸುವವರಿಗೆ ಅರ್ಜೆಂಟೀನಾದ ಸಮಂತಾ ಶ್ವೆಬ್ಲಿನ್ ಅವರ 'ಫೀವರ್ ಡ್ರೀಮ್'. ಇದರ ತಾಯಿ, ಅಪಾಯ ಬಂದರೆ ಮಗಳನ್ನು ತಲುಪಲು ಎಷ್ಟು ಹೊತ್ತು ಬೇಕು ಅಂತ ಸದಾ ಲೆಕ್ಕ ಹಾಕುತ್ತಿರುತ್ತಾಳೆ. ಸಣ್ಣ ಮಕ್ಕಳಿದ್ದರೆ ಹಗಲಲ್ಲೇ ಓದಿ!

ಕೊರಿಯಾದ ಹಾನ್ ಕಾಂಗ್ ಅವರ 'ದಿ ವೆಜಿಟೇರಿಯನ್' (2007) ನಿಧಾನದ ಓದು. ಹೆಂಡತಿ ಮಾಂಸ ಬಿಡುತ್ತಾಳೆ, ಅಷ್ಟಕ್ಕೇ ಮನೆಯವರೆಲ್ಲ ಮೇಲೆ ಬೀಳುತ್ತಾರೆ. ಹಿಂಸೆ ಜಾಸ್ತಿ. ಮನಸ್ಸು ಭಾರವಾಗಿರುವಾಗ ಬೇಡ.