ಥಾರ್‌ನಲ್ಲಿ ಎರಡನೇ ಬ್ಯಾಟರಿ: ಕಾರವಾರದ ಉಪ್ಪುಗಾಳಿಯಲ್ಲಿ ಬಳಸಿ ಕಂಡದ್ದು

ಗಾಡಿ ಮಹೀಂದ್ರಾ ಥಾರ್, ಡೀಸೆಲ್, ಫೋರ್‌ವೀಲ್ ಡ್ರೈವ್. ಹಿಂದೆ ಸಾಮಾನು ಇಡುವ ಜಾಗದಲ್ಲಿ 100 ಆಂಪ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಎಂಜಿನ್ ಓಡುವಾಗ ಗಾಡಿಯ ಮುಂದಿನ ಬ್ಯಾಟರಿಯಿಂದ ಎಳೆದು ಅದಕ್ಕೆ ಚಾರ್ಜ್ ಕೊಡುವುದು ವಿಕ್ಟ್ರಾನ್ ಓರಿಯನ್-ಟಿಆರ್ ಸ್ಮಾರ್ಟ್ 12/12-30 ಚಾರ್ಜರ್, ನಾನ್-ಐಸೊಲೇಟೆಡ್ ಮಾದರಿ (ಒಳಬರುವ, ಹೊರಹೋಗುವ ಎರಡೂ ಕಡೆಗೆ ನೆಗೆಟಿವ್ ಒಂದೇ). ಇದರ ಮೇಲೆ ನಡೆಯುವುದು 12 ವೋಲ್ಟಿನ ಕಂಪ್ರೆಸರ್ ಫ್ರಿಜ್, ಎರಡು ಎಲ್‌ಇಡಿ, ಫೋನು, ಲ್ಯಾಪ್‌ಟಾಪು. ಕಾರವಾರದ ಪೇಟೆಯಲ್ಲಿ ಬಂಗಡೆ, ಇಸ್ವಣ ತುಂಬಿಕೊಂಡು ಕದ್ರಾ ದಾಟಿ ಅಣಶಿ ಘಟ್ಟ ಹತ್ತಿ ಜೋಯಿಡಾ ಕಡೆಯ ಮಾವನ ಮನೆ ಮುಟ್ಟುವುದು, ಮಳೆಗಾಲದಲ್ಲಿ ಅಲ್ಲಿ ಕರೆಂಟು ಹೋದರೆ ಇದೇ ಬ್ಯಾಟರಿಯಿಂದ ದೀಪ, ರೂಟರ್ ನಡೆಸುವುದು, ಇಷ್ಟೇ ನನ್ನ ಬಳಕೆ. ಥರ್ಮಾಕೋಲ್ ಪೆಟ್ಟಿಗೆಯ ಐಸು ಕರಗಿ ಗಾಡಿಯೆಲ್ಲ ಮೀನು ನಾರುವುದು ತಪ್ಪಿತಲ್ಲ, ಅಷ್ಟಕ್ಕೇ ಹೆಂಡತಿ ಐದಕ್ಕೆ ಐದು ಅಂಕ ಕೊಟ್ಟುಬಿಟ್ಟಿದ್ದಾಳೆ.

ಬ್ಯಾಟರಿ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಹೇಳಿದಷ್ಟು ಕೊಡುತ್ತದೆ, ಲೆಡ್ ಆಸಿಡ್‌ಗಿಂತ ಎಷ್ಟೋ ಹಗುರ, ರಾತ್ರಿಯೆಲ್ಲ ಫ್ರಿಜ್ ಓಡಿದರೂ ಬೆಳಿಗ್ಗೆ ಅರ್ಧಕ್ಕಿಂತ ಮೇಲೇ ಇರುತ್ತದೆ. ಚಾರ್ಜರ್ ಕೂಡ ಒಳ್ಳೆಯದೇ. ಆದರೆ ಆ್ಯಪ್‌ನಲ್ಲಿ ವೋಲ್ಟ್ ಮಾತ್ರ ಕಾಣುತ್ತದೆ, ಆಂಪ್ ಕಾಣುವುದಿಲ್ಲ, ಅದು ಗೊತ್ತಿದ್ದು ತೆಗೆದುಕೊಳ್ಳಿ. ಮೈ ಬಿಸಿಯಾಗುತ್ತದೆ. 40 ಡಿಗ್ರಿ ದಾಟಿದರೆ ತಾನೇ ಶಕ್ತಿ ಇಳಿಸುತ್ತದೆ ಎಂದು ಕಂಪನಿಯ ಕಾಗದದಲ್ಲೇ ಇದೆ, ಹಾಗಾಗಿ ಏಪ್ರಿಲ್-ಮೇ ತಿಂಗಳ ಕರಾವಳಿಯಲ್ಲಿ ಅದನ್ನು ಬಾನೆಟ್ ಒಳಗೆ ಕೂರಿಸುವ ಮಾತೇ ಬೇಡ.

ಇವೆರಡಕ್ಕಿಂತ ಹೆಚ್ಚು ಬರೆಯಬೇಕಾದದ್ದು ಯಾರೂ ಕೇಳದ ಮೂರನೆಯದರ ಬಗ್ಗೆ: ನೆಗೆಟಿವ್ ವೈರು. ಈ ಸೆಟ್ಟು ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ನನ್ನ ಅನುಭವದಲ್ಲಿ ಅಲ್ಲೇ ತೀರ್ಮಾನವಾಗುತ್ತದೆ.

ಫಿಟ್ಟಿಂಗ್ ಮಾಡಿದ ಅಂಗಡಿಯವರು ಪಾಸಿಟಿವ್ ವೈರನ್ನು ಮುಂದಿನ ಬ್ಯಾಟರಿಯಿಂದ ಹಿಂದಿನವರೆಗೆ ಚೆನ್ನಾಗಿಯೇ ಎಳೆದಿದ್ದರು. 16 ಸ್ಕ್ವೇರ್ ಎಂಎಂ, ಎರಡೂ ತುದಿಗೆ ಫ್ಯೂಸು. ನೆಗೆಟಿವ್ ಮಾತ್ರ ಒಂದು ಗೇಣು ವೈರು, ಹಿಂದಿನ ಸೀಟ್ ಬೆಲ್ಟ್ ಬೋಲ್ಟಿಗೆ. ಕೇಳಿದಾಗ ಹುಡುಗ, “ಸರ್, ನೆಗೆಟಿವ್ ಅಂದ್ರೆ ಬಾಡಿ. ಎಲ್ಲಿ ಹಾಕಿದ್ರೂ ಒಂದೇ” ಅಂದ. ಟೇಲ್ ಲ್ಯಾಂಪಿಗೆ ಆ ಮಾತು ಸರಿ. ಇದಕ್ಕೆ ಸರಿಯಲ್ಲ.

ಥಾರ್, ಬೊಲೆರೊ, ಸ್ಕಾರ್ಪಿಯೊ, ಗೂರ್ಖಾ, ಜಿಮ್ನಿ ಎಲ್ಲವೂ ಚಾಸಿಯ ಮೇಲೆ ಬಾಡಿ ಕೂರಿಸಿದ ಗಾಡಿಗಳು. ಬಾಡಿಗೂ ಚಾಸಿಗೂ ನಡುವೆ ರಬ್ಬರ್ ಬುಶ್, ಎಂಜಿನ್ನಿಗೂ ಚಾಸಿಗೂ ನಡುವೆ ರಬ್ಬರ್ ಮೌಂಟಿಂಗ್. ಇವುಗಳ ನಡುವೆ ಕರೆಂಟು ಓಡಾಡುವುದು ಕಂಪನಿ ಹಾಕಿದ ಅರ್ತ್ ಪಟ್ಟಿಗಳ ಮೂಲಕ. ಹಿಂದಿನ ಬೋಲ್ಟಿಗೆ ಕೊಟ್ಟ ಕರೆಂಟು ಬಾಡಿಯ ತಗಡು, ವೆಲ್ಡಿಂಗ್ ಜೋಡಣೆ, ಆ ಪಟ್ಟಿ ಇಷ್ಟೂ ದಾಟಿ ಮುಂದಿನ ಬ್ಯಾಟರಿಗೆ ಮುಟ್ಟಬೇಕು. ಅದಕ್ಕಿಂತ ಮೊದಲು ಬೋಲ್ಟನ್ನೇ ದಾಟಬೇಕು. ಸೀಟ್ ಬೆಲ್ಟ್ ಬೋಲ್ಟಿನ ಎಳೆಗೆ ಸಡಿಲವಾಗದಂತೆ ಅಂಟು ಹಚ್ಚಿರುತ್ತಾರೆ, ಕೆಳಗಿನ ತಗಡಿಗೆ ಪೇಂಟ್ ಇರುತ್ತದೆ. ಅಲ್ಲದೆ ಅದು ಜೀವ ಉಳಿಸಲಿಕ್ಕೆ ಹಾಕಿದ ಬೋಲ್ಟು, ಅದರಡಿ ಥಿಂಬಲ್ (ವೈರಿನ ತುದಿಗೆ ಒತ್ತುವ ತೂತಿನ ಲೋಹದ ಕಿವಿ) ತುರುಕುವುದು ಸುತರಾಂ ಸರಿಯಲ್ಲ.

ಮೊದಲ ಮಳೆಗಾಲದವರೆಗೆ ಏನೂ ತೊಂದರೆ ಕಾಣಲಿಲ್ಲ. ಆಮೇಲೆ ಘಟ್ಟ ಹತ್ತುವಾಗ ಚಾರ್ಜರ್ ಒಮ್ಮೆ ಆನ್ ಆಗುವುದು, ಒಮ್ಮೆ ನಿಲ್ಲುವುದು ಶುರುವಾಯಿತು. ಇದರ ಹಿಂದಿನ ಲೆಕ್ಕ ಸ್ವಾರಸ್ಯದ್ದು. 30 ಆಂಪ್ ಹೊರಗೆ ಕೊಡಬೇಕೆಂದರೆ ಈ ಚಾರ್ಜರ್ ಒಳಗೆ 35ಕ್ಕೂ ಹೆಚ್ಚು ಆಂಪ್ ಎಳೆಯುತ್ತದೆ, ಬಿಸಿಯಾಗಿ ಹೋಗುವ ಪಾಲೂ ಸೇರಿ. ಒಳಬರುವ ವೋಲ್ಟ್ ಕಡಿಮೆಯಾದರೆ ಅದೇ ಶಕ್ತಿ ಕೊಡಲು ಇನ್ನೂ ಹೆಚ್ಚು ಆಂಪ್ ಎಳೆಯುತ್ತದೆ. ಹೆಚ್ಚು ಆಂಪ್ ಹರಿದರೆ ಕೆಟ್ಟ ಅರ್ತಿನಲ್ಲಿ ಇನ್ನಷ್ಟು ವೋಲ್ಟ್ ಸೋರುತ್ತದೆ. ಕೊನೆಗೆ ಒಳಬರುವ ವೋಲ್ಟ್ ನಾವು ಚಾರ್ಜರ್‌ನಲ್ಲಿ ಇಟ್ಟ ಮಿತಿಗಿಂತ ಕೆಳಗೆ ಹೋಗಿ ಚಾರ್ಜರ್ ಕೈ ಎತ್ತುತ್ತದೆ. ಕರೆಂಟು ನಿಂತ ತಕ್ಷಣ ವೋಲ್ಟ್ ಮತ್ತೆ ಸರಿ, ಮತ್ತೆ ಶುರು. ಗ್ಯಾರೇಜಿನಲ್ಲಿ ಎಂಜಿನ್ ನಿಲ್ಲಿಸಿ ಮೀಟರ್ ಇಟ್ಟರೆ ಎಲ್ಲವೂ ನೆಟ್ಟಗೆ ಕಾಣುವುದು ಇದಕ್ಕೇ. ಬೀಪ್ ಶಬ್ದದ ಕಂಟಿನ್ಯೂಟಿ ಪರೀಕ್ಷೆಯಲ್ಲಿ ಕೂದಲೆಳೆಯಷ್ಟು ತಾಗಿದರೂ ಬೀಪ್ ಬರುತ್ತದೆ, ಅದನ್ನು ನಂಬಬೇಡಿ.

ಸರಿಯಾದ ಪರೀಕ್ಷೆಗೆ ನೂರಿನ್ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಎಂಜಿನ್ ಓಡಲಿ, ಚಾರ್ಜರ್ ಪೂರ್ತಿ ಎಳೆಯುತ್ತಿರಲಿ, ಅಂದರೆ ಹಿಂದಿನ ಬ್ಯಾಟರಿ ಸ್ವಲ್ಪ ಖಾಲಿ ಇರಬೇಕು. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು ಒಂದು ಕಡ್ಡಿ ಹಿಂದಿನ ಬ್ಯಾಟರಿಯ ನೆಗೆಟಿವ್ ಪೋಸ್ಟಿಗೆ, ಇನ್ನೊಂದು ಉದ್ದ ವೈರು ಕಟ್ಟಿ ಮುಂದಿನ ಬ್ಯಾಟರಿಯ ನೆಗೆಟಿವ್ ಪೋಸ್ಟಿಗೆ. ಎರಡೂ ನೆಗೆಟಿವ್, ಸೊನ್ನೆಯ ಹತ್ತಿರ ಬರಬೇಕು. ನನ್ನ ಗಾಡಿಯಲ್ಲಿ 0.9 ವೋಲ್ಟ್ ತೋರಿಸಿತು. ಪಾಸಿಟಿವ್ ಕಡೆ ಅಷ್ಟುದ್ದದ ವೈರು, ಎರಡು ಫ್ಯೂಸು ಸೇರಿ ಸೋರಿದ್ದು 0.3 ಮಾತ್ರ. ನಾಲ್ಕರಲ್ಲಿ ಮೂರು ಪಾಲು ನಷ್ಟ ಆ ನೆಗೆಟಿವ್ ದಾರಿಯಲ್ಲಿ. 37 ಆಂಪ್ ಹಿಡಿದು ಲೆಕ್ಕ ಹಾಕಿದರೆ 33 ವ್ಯಾಟ್ ಶಾಖ ಆ ದಾರಿಯಲ್ಲಿ ಹುಟ್ಟುತ್ತಿತ್ತು. ಹಳೆಯ ಇಂಡಿಕೇಟರ್ ಬಲ್ಬು 21 ವ್ಯಾಟ್, ಅದನ್ನು ಉರಿಯುವಾಗ ಮುಟ್ಟಿದವರಿಗೆ ಇದು ಎಷ್ಟೆಂದು ಗೊತ್ತಾದೀತು.

ಬೋಲ್ಟು ಬಿಚ್ಚಿಸಿ ನೋಡಿದೆ. ಥಿಂಬಲ್ಲಿನ ಕಿವಿಯ ಸುತ್ತ ಬಿಳಿ ಪುಡಿ, ಅದರ ಕತ್ತಿನಲ್ಲಿ ಹಸಿರು ಕಿಲುಬು. ವೈರಿನ ಪ್ಲಾಸ್ಟಿಕ್ ಎರಡಿಂಚು ಸೀಳಿದರೆ ಒಳಗಿನ ತಾಮ್ರವೂ ಕಪ್ಪು. ಥಿಂಬಲ್ ಅಲ್ಯೂಮಿನಿಯಂದು, ಮನೆ ವೈರಿಂಗಿಗೆ ಮಾರುವಂಥದ್ದು. ತಾಮ್ರ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ನಡುವೆ ಉಪ್ಪುನೀರು ಬಂದರೆ ಅಲ್ಲೇ ಒಂದು ಪುಟ್ಟ ಬ್ಯಾಟರಿ ತಯಾರಾಗಿ ಅಲ್ಯೂಮಿನಿಯಂ ಕರಗುತ್ತಾ ಹೋಗುತ್ತದೆ. ಧಾರವಾಡದಲ್ಲಿ ಇದೇ ಥಿಂಬಲ್ ವರ್ಷಗಟ್ಟಲೆ ಬಾಳೀತು. ಟ್ಯಾಗೋರ್ ಕಡಲತೀರಕ್ಕೆ ಕೂಗಳತೆಯಲ್ಲಿ ರಾತ್ರಿ ಹೊರಗೆ ನಿಲ್ಲುವ ಗಾಡಿಯಲ್ಲಿ ಬಾಳುವುದಿಲ್ಲ. ತವರ ಲೇಪಿಸಿದ ತಾಮ್ರದ ಥಿಂಬಲ್ಲೂ ನೋಡಲು ಬೆಳ್ಳಗೇ ಇರುತ್ತದೆ, ಅಂಗಡಿಯಲ್ಲಿ ಚಾಕುವಿನಿಂದ ಒಂದು ಗೀರು ಹಾಕಿ, ಒಳಗೆ ಕೆಂಪು ಕಂಡರೆ ತಾಮ್ರ. ಕಾರ್ ಆಡಿಯೋ ಕಿಟ್ಟಿನ ಅಗ್ಗದ ದಪ್ಪ ವೈರಿಗೂ ಇದೇ ಪರೀಕ್ಷೆ. ಎಳೆ ಕೆರೆದರೆ ಒಳಗೆ ಬೆಳ್ಳಗಿದ್ದರೆ ಅದು ತಾಮ್ರದ ಪೂಸು ಹೊಡೆದ ಅಲ್ಯೂಮಿನಿಯಂ.

ಇದನ್ನು ಸರಿ ಮಾಡಿಸಿದ್ದು ಕಾರಿನವರ ಹತ್ತಿರ ಅಲ್ಲ, ಬೈತಖೋಲದಲ್ಲಿ ಮೀನುಗಾರಿಕೆ ಬೋಟುಗಳಿಗೆ ವೈರಿಂಗ್ ಮಾಡುವ ಒಬ್ಬರ ಹತ್ತಿರ. ಅವರು ಬೋಲ್ಟು ನೋಡಿ ನಕ್ಕರು. “ಮಾರಾಯ್ರೆ, ಬೋಟಿಗೆ ಬಾಡಿ ಅರ್ತ್ ಎಲ್ಲಿಂದ ಬರ್ಬೇಕು? ನಾವು ಹೋಗ್ಲಿಕ್ಕೊಂದು, ಬರ್ಲಿಕ್ಕೊಂದು, ಎರಡೂ ವೈರ್ ಎಳಿಯೋದೇ.” ಫೈಬರ್ ಮತ್ತು ಮರದ ಬೋಟುಗಳಲ್ಲಿ ಬೇರೆ ದಾರಿಯೇ ಇಲ್ಲ, ಹಾಗಾಗಿ ನೆಗೆಟಿವ್ ವೈರಿಗೆ ಪಾಸಿಟಿವ್‌ನಷ್ಟೇ ಮರ್ಯಾದೆ. ಉಪ್ಪುನೀರಿನಲ್ಲಿ ಜಾಯಿಂಟು ಕಾಯುವ ಕಲೆಯೂ ಅವರಿಗೆ ಕರಗತ. ಕರಾವಳಿಯಲ್ಲಿ ಎರಡನೇ ಬ್ಯಾಟರಿ ಹಾಕಿಸುವವರು ಇವರನ್ನು ಮೊದಲು ಹುಡುಕಿ ಎಂಬುದೇ ನನ್ನ ಶಿಫಾರಸು.

ಅವರು ಮಾಡಿದ್ದು ಇಷ್ಟು. 25 ಸ್ಕ್ವೇರ್ ಎಂಎಂ ತವರ ಲೇಪಿತ ತಾಮ್ರದ ವೈರು ಪಾಸಿಟಿವ್ ಪಕ್ಕದಲ್ಲೇ ಮುಂದಿನವರೆಗೆ. ಹಿಂದೆ ಒಂದು ನೆಗೆಟಿವ್ ಬಸ್ ಬಾರ್ (ಹಲವು ವೈರು ಒಂದೇ ಕಡೆ ಸೇರಿಸುವ ಲೋಹದ ಪಟ್ಟಿ), ಫ್ರಿಜ್ಜು, ದೀಪ ಎಲ್ಲದರ ನೆಗೆಟಿವ್ ಅಲ್ಲಿಗೇ, ಬಾಡಿಗೆ ಒಂದೂ ಇಲ್ಲ. ಚಾರ್ಜರ್‌ನ ಟರ್ಮಿನಲ್ಲಿಗೆ 16ಕ್ಕಿಂತ ದಪ್ಪ ಹೋಗುವುದಿಲ್ಲ, ಬಸ್ ಬಾರ್‌ನಿಂದ ಅಲ್ಲಿಗೆ 16ರ ತುಂಡು. ಥಿಂಬಲ್ಲನ್ನು ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಒತ್ತಿ, ಒಳಮೈಗೆ ಅಂಟು ಹಚ್ಚಿದ ಹೀಟ್ ಶ್ರಿಂಕ್ (ಬಿಸಿ ಮಾಡಿದರೆ ಬಿಗಿಯುವ ಕೊಳವೆ) ತೊಡಿಸಿ, ಮುಂದೆ ಚಾಸಿಯ ಬೋಲ್ಟಿನ ಜಾಗದ ಪೇಂಟ್ ಎಮರಿ ಪೇಪರ್‌ನಲ್ಲಿ ಉಜ್ಜಿ ಹೊಳೆಯುವ ಕಬ್ಬಿಣ ಬರಿಸಿ, ಸ್ಟಾರ್ ವಾಷರ್ ಹಾಕಿ ಬಿಗಿದು, ಆಮೇಲೆ ಮೇಲಿಂದ ಗ್ರೀಸು ಬಳಿದರು. ಮೀಟರ್ ಈಗ 0.15 ವೋಲ್ಟ್ ತೋರಿಸುತ್ತದೆ.

ಮುಂದಿನ ತುದಿಯನ್ನು ಬ್ಯಾಟರಿಯ ಪೋಸ್ಟಿಗೆ ಹಾಕಿಲ್ಲ, ಬ್ಯಾಟರಿಯಿಂದ ಬರುವ ಕಂಪನಿ ಅರ್ತ್ ವೈರು ಚಾಸಿಗೆ ಸೇರುವ ಬೋಲ್ಟಿಗೆ ಹಾಕಿದ್ದು. ಹಲವು ಹೊಸ ಗಾಡಿಗಳಲ್ಲಿ ನೆಗೆಟಿವ್ ಪೋಸ್ಟಿನ ಮೇಲೇ ಚಿಕ್ಕ ಸೆನ್ಸರ್ ಇರುತ್ತದೆ, ಬ್ಯಾಟರಿಗೆ ಹೋಗಿ ಬರುವ ಆಂಪ್ ಎಣಿಸಲಿಕ್ಕೆ. ನಮ್ಮ ವೈರು ನೇರ ಪೋಸ್ಟಿಗೆ ಸಿಕ್ಕಿದರೆ ಆ ಎಣಿಕೆ ತಪ್ಪಿ ಡೈನಮೋ ಯಾವಾಗ ಎಷ್ಟು ಚಾರ್ಜ್ ಕೊಡಬೇಕೆಂಬುದೇ ಎಡವಟ್ಟಾಗುತ್ತದೆ. ಬಾನೆಟ್ ಎತ್ತಿ ಪೋಸ್ಟಿನ ಮೇಲೆ ಪ್ಲಗ್ ಇರುವ ಪುಟ್ಟ ಕಪ್ಪು ಪೆಟ್ಟಿಗೆ ಇದೆಯೇ ನೋಡಿ.

“ಹಿಂದೆಯೂ ಬಾಡಿಗೆ ಒಂದು ಇರಲಿ, ಗಟ್ಟಿಗೆ” ಎಂದು ಸಲಹೆ ಕೊಡುವವರು ಸಿಗುತ್ತಾರೆ. ನಾನು ಹಾಕಿಸಲಿಲ್ಲ. ಎಂಜಿನ್ ಕಡೆಯ ಅರ್ತ್ ಪಟ್ಟಿ ಯಾವಾಗಲಾದರೂ ಸಡಿಲವಾದರೆ ಸೆಲ್ಫ್ ಹೊಡೆಯುವಾಗಿನ ನೂರಾರು ಆಂಪ್ ಬೇರೆ ದಾರಿ ಹುಡುಕುತ್ತದೆ, ಆ ದಾರಿ ನಮ್ಮ ಬಸ್ ಬಾರ್ ಆಗುವುದು ಬೇಡ. ಒಂದೇ ಜಾಗದಲ್ಲಿ ಅರ್ತ್ ಇದ್ದರೆ ಆ ಸುತ್ತು ದಾರಿಯೇ ಇರುವುದಿಲ್ಲ. ನಾನ್-ಐಸೊಲೇಟೆಡ್ ಚಾರ್ಜರ್ ಒಳಗೆ ಎರಡೂ ನೆಗೆಟಿವ್ ಒಂದೇ ಆದ್ದರಿಂದ ಬ್ಯಾಟರಿಯ ದಪ್ಪ ನೆಗೆಟಿವ್ ಸಡಿಲವಾದರೆ ಕರೆಂಟು ಚಾರ್ಜರ್ ಮೂಲಕವೇ ನುಗ್ಗಬಹುದು ಎಂಬುದನ್ನೂ ನೆನಪಿಡಿ. ಬಂಪರ್, ಕ್ಯಾರಿಯರ್ ವೆಲ್ಡಿಂಗ್ ಮಾಡಿಸುವಾಗ ಎರಡೂ ಬ್ಯಾಟರಿಗಳ ನೆಗೆಟಿವ್ ಬಿಚ್ಚಿಸಬೇಕು. ಮುಂದಿನದು ಬಿಚ್ಚಿ “ಕರೆಂಟ್ ಹೋಯ್ತು” ಅನ್ನುವ ವೆಲ್ಡರ್‌ಗೆ ಹಿಂದಿನದು ಇದೆ ಎಂದು ನಾವೇ ಹೇಳಬೇಕು.

ದುಡ್ಡಿನ ಲೆಕ್ಕದಲ್ಲಿ ಈ ವೈರು, ಥಿಂಬಲ್, ಕೂಲಿ ಎಲ್ಲ ಸೇರಿ ಬ್ಯಾಟರಿ, ಚಾರ್ಜರ್ ಬೆಲೆಯ ಮುಂದೆ ಪುಡಿಗಾಸು. ಆದರೂ ಕೊಟೇಶನ್ ಹಾಕುವಾಗ ಮೊದಲು ಕತ್ತರಿ ಬೀಳುವುದು ಇದಕ್ಕೇ. ಮಳೆಗಾಲ ಶುರುವಾಗುವ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಆ ಚಾಸಿಯ ಬೋಲ್ಟು ನೋಡಿ ಗ್ರೀಸು ಹಚ್ಚುತ್ತೇನೆ, ಬೇರೆ ಖರ್ಚಿಲ್ಲ. ಬರೀ ಫೋನ್ ಚಾರ್ಜಿಗೆ, ರಾತ್ರಿ ಒಂದು ದೀಪಕ್ಕೆ ಎನ್ನುವವರಿಗೆ ಇಷ್ಟೆಲ್ಲ ಬೇಡವೇ ಬೇಡ, ಕೈಯಲ್ಲಿ ಹಿಡಿದು ಒಯ್ಯುವ ಪವರ್ ಸ್ಟೇಷನ್ ಸಾಕು.

ಶಿರಸಿ, ಸಿದ್ದಾಪುರ ಕಡೆಯವರಿಗೆ ಉಪ್ಪಿನ ಕಾಟ ಇಲ್ಲ. ಅಲ್ಲಿ ಕೆಂಪು ಕೆಸರು ಚಾಸಿಯ ಬೋಲ್ಟಿಗೆ ಮೆತ್ತಿಕೊಂಡು ದಿನಗಟ್ಟಲೆ ಒದ್ದೆಯಾಗಿಯೇ ಇರುತ್ತದೆ, ಅರ್ತನ್ನು ಸ್ವಲ್ಪ ಎತ್ತರದಲ್ಲಿ ಹಾಕಿಸಿ. ಅಡಿಕೆ ಕೊಟ್ಟಿಗೆಯಲ್ಲಿ ಗಾಡಿ ನಿಲ್ಲಿಸುವವರು ವೈರು ಪೂರ್ತಿ ಪೈಪಿನೊಳಗೇ ಹಾಕಿಸಿಕೊಳ್ಳಿ. ಭಾವನ ಗಾಡಿಯಲ್ಲಿ ಇಲಿ ಪಾಸಿಟಿವ್ ಬಿಟ್ಟು ನೆಗೆಟಿವ್ ವೈರಿನ ಪ್ಲಾಸ್ಟಿಕ್ಕನ್ನೇ ಒಂದು ಮೊಳ ಕೆರೆದು ಹಾಕಿದೆ.