ಆರು ವರ್ಷ ನನ್ನ ಹತ್ತಿರ ಇದ್ದ ಡುಕಾಟಿ 748

ಸೆಕೆಂಡ್ ಹ್ಯಾಂಡ್ ಡುಕಾಟಿ 748 ಬೈಕ್ ಕೊಂಡು ಆರು ವರ್ಷ ಓಡಿಸಿದೆ. ಹೋದ ತಿಂಗಳು ಮಾರಿದೆ. ಈ ಗಾಡಿ ಹುಡುಕುತ್ತಿರುವವರಿಗೆ ಮೊದಲೇ ಒಂದು ಮಾತು. ಮೀಟರ್ ನೋಡುವ ಮುಂಚೆ ಹಳೇ ಓನರ್ ಹತ್ತಿರ ಸರ್ವಿಸ್ ಬಿಲ್ಲು ಕೇಳಿ.

ನಾನು ಮೊದಲು ನೋಡಿದ್ದು ಬೇರೆ 748. ಕೆಂಪು ಬಣ್ಣ, ಒಂದು ಗೀರೂ ಇಲ್ಲ. ಸೀಟಿನ ಕೆಳಗಿನ ಸೈಲೆನ್ಸರ್ ಹತ್ತಿರ ಕೈ ಹಿಡಿದರೆ ಆಗಲೇ ಬಿಸಿ! "ನೀವು ಬರ್ತೀರಿ ಅಂತ ಸ್ಟಾರ್ಟ್ ಮಾಡಿಟ್ಟಿದ್ದೆ" ಅಂದರು ಓನರ್. ತಣ್ಣಗಿರುವ ಎಂಜಿನ್ ಹೇಗೆ ಸ್ಟಾರ್ಟ್ ಆಗುತ್ತದೆ ಅನ್ನೋದೇ ನನಗೆ ಬೇಕಿತ್ತು. ಎಂಜಿನ್ ಬೆಲ್ಟ್ ಯಾವಾಗ ಹಾಕಿಸಿದಿರಿ ಅಂತ ಕೇಳಿದೆ. "ಎಲ್ಲಾ ಸರಿ ಇದೆ ಸಾರ್" ಅಂದರೇ ಹೊರತು ತಾರೀಖು ಬಾಯಿಗೆ ಬರಲಿಲ್ಲ. ವಾಪಸ್ ಬಂದೆ. ಹೊಟ್ಟೆ ಉರಿಯಿತು, ನಿಜ. 1994ರಲ್ಲಿ ಬಂದ ಡುಕಾಟಿ 916ರ ತಮ್ಮ ಅಲ್ವಾ ಇದು? ಡಿಸೈನರ್ ಮಾಸ್ಸಿಮೊ ತಾಂಬುರಿನಿ ಕೊಟ್ಟ ಆ ರೂಪ ಇವತ್ತಿಗೂ ಹಳೆಯದಾಗಿಲ್ಲ.

ಕೊಂಡಿದ್ದು ಹಳದಿ ಗಾಡಿ. ಟ್ಯಾಂಕ್ ಮೇಲೆ ಗೀರು ಇತ್ತು, ಸೀಟು ಸ್ವಲ್ಪ ಹರಿದಿತ್ತು. ಆದರೆ ಜೊತೆಗೆ ಸರ್ವಿಸ್ ಬಿಲ್ಲುಗಳ ಒಂದು ದಪ್ಪ ಫೈಲ್ ಇತ್ತು.

ಬೆಲ್ಟ್ ಬಗ್ಗೆ ಇಷ್ಟು ಹಟ ಯಾಕೆ ಅಂದರೆ, ಈ ಎಂಜಿನ್‌ನಲ್ಲಿ ವಾಲ್ವ್‌ಗಳನ್ನು ಆಡಿಸುವ ಕ್ಯಾಮ್‌ಗಳನ್ನು ತಿರುಗಿಸುವುದು ಹಲ್ಲಿರುವ ಎರಡು ರಬ್ಬರ್ ಬೆಲ್ಟ್‌ಗಳು. ಒಂದು ಹರಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ, ಎಂಜಿನ್ ಕೈಗೆ ಬರುತ್ತದೆ. ಗಾಡಿ ಸುಮ್ನೆ ನಿಂತಿದ್ದರೂ ರಬ್ಬರ್ ಹಳೆಯದಾಗುತ್ತದೆ. ನಾನು ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸಿದೆ.

ಇನ್ನು ವಾಲ್ವ್ ಕೆಲಸ. ಹೆಚ್ಚಿನ ಬೈಕ್‌ಗಳಲ್ಲಿ ವಾಲ್ವ್ ಮುಚ್ಚಲು ಸ್ಪ್ರಿಂಗ್ ಇರುತ್ತದೆ. ಇದರಲ್ಲಿ ತೆರೆಯಲು ಒಂದು ರಾಕರ್ (ಪುಟ್ಟ ಸನ್ನೆ), ಮುಚ್ಚಲು ಇನ್ನೊಂದು. ಇದೇ ಡೆಸ್ಮೊ. 1956ರಲ್ಲಿ ಎಂಜಿನಿಯರ್ ಫಾಬಿಯೊ ತಾಲ್ಯೋನಿ ಡುಕಾಟಿಯ ರೇಸ್ ಬೈಕ್‌ಗೆ ಹಾಕಿದ ಉಪಾಯ. ಎರಡು ಸಿಲಿಂಡರ್‌ಗೆ ಎಂಟು ವಾಲ್ವ್, ಅಂದರೆ 16 ಕಡೆ ಸಂದು ಅಳೆಯಬೇಕು. ನನ್ನ ಮೆಕ್ಯಾನಿಕ್ ಸಂದು ಅಳೆಯುವ ತೆಳು ಪಟ್ಟಿ, ಅಂದರೆ ಫೀಲರ್ ಗೇಜ್ ತೂರಿಸಿ, ಕಣ್ಣು ಮುಚ್ಚಿ ಬೆರಳಲ್ಲೇ ಬಿಗಿ ನೋಡಿ ಒಂದೊಂದೇ ಅಂಕಿ ಹೇಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಆ ಹಾಳೆಗಳೂ ಫೈಲ್ ಸೇರಿದವು. ಈ ಕೆಲಸಕ್ಕೆ ಹೊತ್ತೂ ಜಾಸ್ತಿ, ಖರ್ಚೂ ಜಾಸ್ತಿ. ಒಂದು ಸಲ ತಪ್ಪು ಅಳತೆಯ ಶಿಮ್ (ಸಂದು ಸರಿಮಾಡುವ ಲೋಹದ ಚೂರು) ಕಳಿಸಿಬಿಟ್ಟರು. ಸರಿಯಾದದ್ದು ಬರುವ ತನಕ ಎರಡು ತಿಂಗಳು ಗಾಡಿ ಬಿಚ್ಚಿದ ಹಾಗೇ ನಿಂತಿತ್ತು.

ಓಡಿಸುವುದು ಹೇಗಿದೆ? ಟ್ರಾಫಿಕ್‌ನಲ್ಲಿ ಕಷ್ಟ. ಮಣಿಕಟ್ಟು ನೋಯುತ್ತದೆ, ಹಿಂದಿನ ಸಿಲಿಂಡರ್ ಬಿಸಿ ತೊಡೆಗೆ ಹೊಡೆಯುತ್ತದೆ. ಸಿಗ್ನಲ್‌ನಲ್ಲಿ ಕ್ಲಚ್ ಹಿಡಿದರೆ ಡಬ್ಬಿಯಲ್ಲಿ ನಟ್ಟು ಬೋಲ್ಟು ಅಲ್ಲಾಡಿಸಿದ ಹಾಗೆ ಗಲಗಲ ಸದ್ದು. ಏನೋ ಕಳಚಿದೆ ಅಂತ ಪಕ್ಕದವರು ಎಷ್ಟೋ ಸಲ ಹೇಳಿದ್ದಾರೆ. ಆಯಿಲ್‌ನಲ್ಲಿ ಮುಳುಗದ ಡ್ರೈ ಕ್ಲಚ್ ಇದು, ಅದರ ದನಿಯೇ ಹಾಗೆ. ಆದರೆ ಖಾಲಿ ರಸ್ತೆಯ ಉದ್ದನೆಯ ತಿರುವಿಗೆ ಒಮ್ಮೆ ವಾಲಿಸಿ ನೋಡಿ. ಹಾಕಿದ ಗೆರೆ ಬಿಟ್ಟು ಒಂದು ಅಂಗುಲ ಆಚೀಚೆ ಹೋಗುವುದಿಲ್ಲ. ಆ ನೆಮ್ಮದಿ ನನಗೆ ಬೇರೆ ಯಾವ ಬೈಕ್‌ನಲ್ಲೂ ಸಿಕ್ಕಿಲ್ಲ.

ಮಂಡಿ ನೋವು ಶುರುವಾದ ಮೇಲೆ ಮಾರಲು ಮನಸ್ಸು ಮಾಡಿದೆ. ಗೀರುಗಳ ಫೋಟೋನೂ ಹಾಕಿದೆ, ಮುಂದಿನ ಬೆಲ್ಟ್ ಯಾವಾಗ ಅಂತಲೂ ಬರೆದೆ. ಬಿಚ್ಚಿಟ್ಟಿದ್ದ ಕಂಪನಿ ಸೈಲೆನ್ಸರ್‌ಗಳನ್ನು ಜೊತೆಗೆ ಕೊಟ್ಟಿದ್ದು ಒಳ್ಳೆಯದಾಯಿತು, ಅವನ್ನು ಕೇಳುವವರು ಬಹಳ. ಟೆಸ್ಟ್ ರೈಡ್ ಬೇಕಾದರೆ ಪೂರ್ತಿ ದುಡ್ಡು ಮೊದಲು ನನ್ನ ಕೈಯಲ್ಲಿರಬೇಕು ಅಂತ ಫೋನ್‌ನಲ್ಲೇ ಹೇಳುತ್ತಿದ್ದೆ. ಜೊತೆಗೆ ಸೈಡ್ ಸ್ಟ್ಯಾಂಡ್ ಎಚ್ಚರ ಅಂತಲೂ ಹೇಳುತ್ತಿದ್ದೆ. ನನ್ನ ಗಾಡಿಯಲ್ಲಿ ಭಾರ ತೆಗೆದ ಕೂಡಲೇ ಅದು ತಾನಾಗಿ ಮಡಚಿಕೊಳ್ಳುತ್ತಿತ್ತು. ಗೊತ್ತಿಲ್ಲದವರು ಗಾಡಿ ಬೀಳಿಸಿಬಿಡುತ್ತಾರೆ.

ಸುಮಾರು ಜನ ಬಂದರು. ಹೆಚ್ಚಿನವರು ಕೇಳಿದ್ದು ಸ್ಪೀಡ್ ಎಷ್ಟು, ಕೊನೇ ರೇಟ್ ಎಷ್ಟು. ಕೊನೆಗೆ ಒಬ್ಬ ಹುಡುಗ ಬೆಳಿಗ್ಗೆ ಬೇಗ ಬಂದ. ಟ್ಯಾಂಕ್ ಕಡೆ ನೋಡಲೂ ಇಲ್ಲ. ಸೀದಾ ಹಿಂದೆ ಹೋಗಿ, ಬಗ್ಗಿ, ಸೈಲೆನ್ಸರ್ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. "ಬಿಲ್ಲು ಏನಾದ್ರೂ ಇಟ್ಟಿದ್ದೀರಾ ಸಾರ್?" ಅಂದ. ಫೈಲ್ ತರಲು ಒಳಗೆ ಹೋದೆ.