ನಾಲ್ಕು ಮಳೆಗಾಲ ಕಂಡ ಎರಡು ಬೆಕ್ಕಿನ ಬೋನುಗಳು

ನಮ್ಮದು ಮಂಗಳೂರಿನ ಹೊರಗೆ ಒಂದು ಹಳೇ ಹಂಚಿನ ಮನೆ. ಹತ್ತಿರದಲ್ಲೇ ಮೀನು ಮಾರುವ ಜಾಗ ಇರುವುದರಿಂದ ಬೆಕ್ಕುಗಳಿಗೆ ಬರ ಇಲ್ಲ. ನಾಲ್ಕು ವರ್ಷದಿಂದ ಬೀದಿ ಬೆಕ್ಕುಗಳನ್ನು ಬೋನಿನಲ್ಲಿ ಹಿಡಿದು, ಮರಿ ಆಗದ ಹಾಗೆ ಆಪರೇಷನ್ ಮಾಡಿಸಿ, ಹಿಡಿದ ಜಾಗಕ್ಕೇ ವಾಪಸ್ ಬಿಡುತ್ತಿದ್ದೇನೆ. ಬೋನುಗಳು ಎರಡು. ಒಂದು ಆನ್‌ಲೈನಿನಲ್ಲಿ ತರಿಸಿದ ಮಡಚುವ ಬೋನು. ಇನ್ನೊಂದು ವೆಲ್ಡಿಂಗ್ ಅಂಗಡಿಯಲ್ಲಿ ಹೇಳಿ ಮಾಡಿಸಿದ್ದು, ನೋಡಲು ಒರಟು. ಬೆಕ್ಕು ಹಿಡಿಯುವುದರಲ್ಲಿ ಎರಡೂ ಸಮ. ವ್ಯತ್ಯಾಸ ಗೊತ್ತಾಗುವುದು ತೊಳೆಯಲು ಕೂತಾಗ.

ಬೋನಿಗೆ ಬಿದ್ದ ಬೆಕ್ಕು ಹೆದರಿ ಉಚ್ಚೆ ಹೊಯ್ಯುತ್ತದೆ, ಕೆಲವು ಹೇತೂ ಬಿಡುತ್ತವೆ. ಅದರ ಜೊತೆ ನಾವಿಟ್ಟ ಬೂತಾಯಿ ಮೀನಿನ ಎಣ್ಣೆ, ಮುಳ್ಳು, ಉದುರಿದ ಕೂದಲು. ಇದೆಲ್ಲ ಒಣಗಿದರೆ ಮುಗಿಯಿತು, ಸಿಮೆಂಟಿನ ಹಾಗೆ ಹಿಡಿಯುತ್ತದೆ. ಮಡಚುವ ಬೋನಿನ ಕೀಲುಗಳ ಸಂದಿಗೆ ಬೆರಳು ಹೋಗುವುದಿಲ್ಲ, ಬ್ರಷ್ಷೂ ಹೋಗುವುದಿಲ್ಲ. ಹಳೇ ಟೂತ್‌ಬ್ರಷ್ ಹಿಡಿದು ಅರ್ಧ ಗಂಟೆ ಉಜ್ಜಿದ್ದೂ ಇದೆ. ವೆಲ್ಡಿಂಗ್ ಅಂಗಡಿಯ ಬೋನಿಗೆ ಅಡಿಯಲ್ಲಿ ಎಳೆದು ತೆಗೆಯುವ ತಗಡಿನ ಟ್ರೇ ಇದೆ, ಹಿಂದೆ ಇನ್ನೊಂದು ಬಾಗಿಲಿದೆ. ಟ್ರೇ ಎಳೆ, ಎರಡೂ ಬಾಗಿಲು ತೆರೆ, ಪೈಪಿನಲ್ಲಿ ನೀರು ಬಿಡು, ಅಷ್ಟೇ. ಆ ಟ್ರೇಗೆ ಮುನ್ನೂರು ರೂಪಾಯಿ ಜಾಸ್ತಿ ಕೇಳಿದ್ದಕ್ಕೆ ಅವತ್ತು ಚೌಕಾಸಿ ಮಾಡಿದ್ದೆ!

ಉಜ್ಜಲು ನನಗೆ ತೆಂಗಿನ ನಾರೇ ಇಷ್ಟ. ಮೊದಲು ಸ್ಟೀಲ್ ಸ್ಕ್ರಬ್ಬರ್ ಹಾಕಿ ತಿಕ್ಕಿದ್ದೆ. ಬೋನು ಬೆಳ್ಳಗೇನೋ ಆಯಿತು, ಆದರೆ ತಂತಿಯ ಮೇಲಿನ ಸತುವಿನ ಲೇಪನವೂ ಕಿತ್ತುಹೋಯಿತು. ನಮ್ಮ ಉಪ್ಪುಗಾಳಿಗೆ ಅಷ್ಟೇ ಸಾಕಲ್ವಾ? ಎರಡು ತಿಂಗಳಲ್ಲಿ ಕೆಂಪು ಚುಕ್ಕೆ.

ಮೊದಲ ವರ್ಷ ಮಾಡಿದ ದೊಡ್ಡ ತಪ್ಪು ಫಿನಾಯಿಲ್. ಮನೆ ಒರೆಸುವುದನ್ನೇ ಬಕೆಟ್ಟಿಗೆ ಸುರಿದು ಬೋನು ತೊಳೆದೆ, ಘಮ್ ಅಂತಿತ್ತು. ಮರುದಿನ ಅದರಲ್ಲಿ ಬಿದ್ದ ಬೆಕ್ಕು ಪಾದ ನೆಕ್ಕಿ ನೆಕ್ಕಿ ಜೊಲ್ಲು ಸುರಿಸಿತು. ಡಾಕ್ಟರು ಬೋನಿನ ಹತ್ತಿರ ಮೂಗು ತಂದು, “ಇದಕ್ಕೆ ಏನು ಹಾಕಿದ್ದೀರಿ ಮಾರಾಯ್ರೆ?” ಅಂದರು. ಇಂಥ ದ್ರಾವಣಗಳಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕರಗಿಸುವ ಶಕ್ತಿ ಬೆಕ್ಕಿನ ಲಿವರ್‌ಗೆ ಕಡಿಮೆಯಂತೆ. ನಮಗೆ, ನಾಯಿಗೆ ತಡೆಯುವುದು ಬೆಕ್ಕಿಗೆ ತಡೆಯುವುದಿಲ್ಲ. ಅಂದಿನಿಂದ ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುವ ಯಾವುದನ್ನೂ ಬೋನಿನ ಹತ್ತಿರ ತರುವುದಿಲ್ಲ. ಆ ಬೆಕ್ಕು ಸಂಜೆಗೆ ಸುಧಾರಿಸಿತು, ನನ್ನ ಪುಣ್ಯ.

ಹಾಗಂತ ಬರೀ ಸೋಪು ಸಾಲದು. ಒಂದರಿಂದ ಒಂದಕ್ಕೆ ಹರಡುವ ಬೆಕ್ಕುಗಳ ಪಾರ್ವೊ ಕಾಯಿಲೆಯ ವೈರಸ್ ತಿಂಗಳುಗಟ್ಟಲೆ, ಒಂದು ವರ್ಷದವರೆಗೂ ವಸ್ತುಗಳ ಮೇಲೆ ಬದುಕಬಲ್ಲದು. ಸ್ಪಿರಿಟ್ಟಿಗೂ ಸೋಪಿಗೂ ಅದು ಜಗ್ಗುವುದಿಲ್ಲ. ಅದಕ್ಕೆ ಬ್ಲೀಚೇ ಬೇಕು. ಶೇಕಡಾ 5ರ ದ್ರಾವಣವಾದರೆ ಒಂದು ಲೀಟರ್ ನೀರಿಗೆ ಸುಮಾರು 30 ಮಿಲಿ. ತಂತಿಯೆಲ್ಲ ಒದ್ದೆಯಾಗುವಂತೆ ಹಾಕಿ 10 ನಿಮಿಷ ಬಿಡಬೇಕು, ಮಧ್ಯೆ ಒಣಗಿದರೆ ಇನ್ನೊಮ್ಮೆ ಸುರಿಯಬೇಕು. ಕೊಳೆ ಇರುವಾಗ ಬ್ಲೀಚ್ ಹಾಕಿದರೆ ಅದರ ಕಸುವೆಲ್ಲ ಕೊಳೆಗೇ ಖರ್ಚಾಗುತ್ತದೆ, ಹಾಗಾಗಿ ಮೊದಲು ಸೋಪು, ನೀರು, ಆಮೇಲೆ ಬ್ಲೀಚ್. ಉಚ್ಚೆಯ ಮೇಲೇ ಬ್ಲೀಚ್ ಸುರಿದರೆ ಕಣ್ಣು ಉರಿಸುವ ಹೊಗೆ ಏಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಬೆರೆಸಿದರಂತೂ ವಿಷದ ಗಾಳಿ. ಬಾಗಿಲು ಮುಚ್ಚಿದ ಬಚ್ಚಲಲ್ಲಿ ಈ ಕೆಲಸ ಬೇಡ, ಅಂಗಳದಲ್ಲಿ ಮಾಡಿ. ಕಲಸಿದ್ದನ್ನು ನಾಳೆಗೆ ಎತ್ತಿಡಬೇಡಿ, ಕಸುವು ಹೋಗಿರುತ್ತದೆ. ಕೊನೆಗೆ ವಾಸನೆ ಹೋಗುವ ತನಕ ನೀರಿನಲ್ಲಿ ಜಾಲಿಸಬೇಕು. ಬ್ಲೀಚ್ ಉಳಿದರೆ ಬೆಕ್ಕಿನ ಪಾದಕ್ಕೂ ಕೆಟ್ಟದು, ಕಬ್ಬಿಣಕ್ಕೂ ಕೆಟ್ಟದು.

ಬೇಸಿಗೆಯಲ್ಲಿ ಅಂಗಳದ ಬಿಸಿಲಿಗಿಟ್ಟರೆ ಒಂದು ಗಂಟೆಯಲ್ಲಿ ಗರಿಗರಿ. ಜೂನ್ ಬಂತೆಂದರೆ ನಮ್ಮಲ್ಲಿ ಒಳಚಡ್ಡಿಯೇ ಒಣಗುವುದಿಲ್ಲ, ಇನ್ನು ಬೋನು! ಬಟ್ಟೆಯಲ್ಲಿ ಒರೆಸಿ ಬಚ್ಚಲು ಒಲೆಯ ಪಕ್ಕ ಇಡುತ್ತೇನೆ. ಮಡಚುವ ಬೋನನ್ನು ಒಮ್ಮೆ ತೀರಾ ಹತ್ತಿರ ಇಟ್ಟು ಅದರ ಪ್ಲಾಸ್ಟಿಕ್ ಹಿಡಿಕೆ ಬಾಳೆಹಣ್ಣಿನ ಹಾಗೆ ಬಾಗಿತು. ಈಗಲೂ ಹಾಗೇ ಇದೆ.

ಜಾರು ಬಾಗಿಲಿಗೆ ತೆಂಗಿನೆಣ್ಣೆ ಹಚ್ಚಿ ಪಶ್ಚಾತ್ತಾಪ ಪಟ್ಟೆ. ಬೆಳಗಾಗುವಷ್ಟರಲ್ಲಿ ಇರುವೆ ಸಾಲು. ಈಗ ಮೇಣದಬತ್ತಿ ತಿಕ್ಕುತ್ತೇನೆ, ಟಪ್ ಅಂತ ಬೀಳುತ್ತದೆ. ತುಕ್ಕು ಹಿಡಿಯುವುದು ಮೊದಲು ಬೆಸುಗೆ ಹಾಕಿದ ಕಡೆ. ಅಲ್ಲಿ ಉಜ್ಜಿ ಸಿಲ್ವರ್ ಪೇಂಟ್ ಹಚ್ಚುತ್ತೇನೆ, ಅದೂ ಬೋನಿಗೆ ಕೆಲಸ ಇಲ್ಲದ ವಾರಗಳಲ್ಲಿ, ವಾಸನೆ ಪೂರ್ತಿ ಹೋಗಬೇಕಲ್ಲ.

ಎತ್ತಿಡುವ ವಿಷಯಕ್ಕೆ ಬಂದರೆ ಒಂದು ಕೋಳಿಯ ಕಥೆ ಇದೆ. ಎರಡನೇ ವರ್ಷ ಬೋನನ್ನು ಬಾಗಿಲು ಎತ್ತಿದ ಸ್ಥಿತಿಯಲ್ಲೇ ಸೌದೆ ಕೊಟ್ಟಿಗೆಯಲ್ಲಿಟ್ಟು ನೆಂಟರ ಮನೆಗೆ ಹೋಗಿದ್ದೆ. ಸಂಜೆ ಪಕ್ಕದ ಮನೆ ಅಕ್ಕನ ಫೋನ್. “ನಿಮ್ಮ ಬೋನಲ್ಲಿ ನಮ್ಮ ಕೋಳಿ ಉಂಟು. ಬೆಳಗ್ಗಿಂದ ಹುಡುಕಿದ್ದು ನಾನು.” ಕೋಳಿಗೆ ಏನೂ ಆಗಿರಲಿಲ್ಲ, ಒಳಗೆ ಮೊಟ್ಟೆಯೂ ಇಟ್ಟಿತ್ತು. ಅಕ್ಕ ಮಾತ್ರ ಒಂದು ವಾರ ಮುಖ ಕೊಡಲಿಲ್ಲ. ಎರಡು ದಿನ ಬಿಟ್ಟು ಬರುವವಳಿದ್ದೆ, ಯಾರೂ ನೋಡದಿದ್ದರೆ? ಈಗ ಬಾಗಿಲು ಇಳಿಸಿ ತಂತಿ ಸುತ್ತಿಯೇ ಎತ್ತಿಡುವುದು. ನೆಲದ ಮೇಲೆ ಅಲ್ಲ, ಎರಡು ಇಟ್ಟಿಗೆಯ ಮೇಲೆ. ಇಲಿ ಪಾಷಾಣ, ಗೊಬ್ಬರ ಇರುವ ಮೂಲೆಯಿಂದ ದೂರ.

ಮಡಚಿದ ಬೋನಿನ ಮೇಲೆ ಭಾರ ಹೇರಬೇಡಿ. ನಾನು ಅಕ್ಕಿ ಡಬ್ಬ ಇಟ್ಟು ಬಾಗಿಲಿನ ಸರಳು ಸ್ವಲ್ಪ ಬಗ್ಗಿತು. ಮುಂದಿನ ಸಲ ಬಾಗಿಲು ಮುಕ್ಕಾಲು ಮುಚ್ಚಿ ನಿಂತಿತು, ಕಿವಿ ಹರಿದ ಹಳದಿ ಗಂಡು ಬೆಕ್ಕು ಸಲೀಸಾಗಿ ನುಸುಳಿಕೊಂಡು ಹೋಯಿತು. ಈಗ ಪ್ರತಿ ಸಲ ಬೆಕ್ಕು ತುಳಿದಾಗ ಬಾಗಿಲು ಬೀಳಿಸುವ ತಗಡನ್ನು ಪೊರಕೆ ಕಡ್ಡಿಯಿಂದ ನಾಲ್ಕೈದು ಬಾರಿ ಒತ್ತಿ ನೋಡಿಯೇ ಮೀನು ಇಡುತ್ತೇನೆ.

ಹೊಸದಾಗಿ ಕೊಳ್ಳುವವರು ಟ್ರೇ, ಹಿಂಬಾಗಿಲು ಇರುವುದನ್ನೇ ಮಾಡಿಸಿ. ಮಡಚುವುದನ್ನು ನಾನಿನ್ನೂ ಇಟ್ಟುಕೊಂಡಿರುವುದು ಅದು ಸ್ಕೂಟರಿನ ಮುಂದೆ ಹಿಡಿಯುತ್ತದೆ ಅಂತ ಮಾತ್ರ. ಹಳದಿ ಬೆಕ್ಕು ಎರಡು ವರ್ಷದಿಂದ ಎರಡೂ ಬೋನಿನ ಹತ್ತಿರ ಬಂದಿಲ್ಲ. ತೊಳೆದು ಬಿಸಿಲಿಗಿಟ್ಟಾಗ ಕಾಂಪೌಂಡ್ ಮೇಲೆ ಕೂತು ನೋಡುತ್ತಿರುತ್ತದೆ.